ಬೇಸ್ತವಾರದ ಸಿಟ್ಟು

ನಮ್ಮ ಮನೆಯಲ್ಲಿ ಸಿಟ್ಟಿಗೂ ಒಂದು ವಂಶಾವಳಿ ಇದೆ. ನಮ್ಮದು ಜಮದಗ್ನಿ ಗೋತ್ರ, ಸಿಟ್ಟು ಬರಲೇಬೇಕು, ಬರದಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂಬುದು ಅಪ್ಪನ ನಂಬಿಕೆ. ನನ್ನ ಅಜ್ಜ ಕಿತ್ತೂರ ಹತ್ತಿರದ ದೇಗಾಂವದಲ್ಲಿ ಪುರಾಣ ಹೇಳುತ್ತಿದ್ದವನು. ಕೇಳಲು ಕೂತವರಲ್ಲಿ ಯಾರೋ ಒಬ್ಬ ಆಕಳಿಸಿದನೆಂದು ದ್ರೌಪದಿಯ ಸೀರೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದನಂತೆ. ಬೇರೆ ಮನೆಗಳಲ್ಲಿ ಅಜ್ಜಂದಿರ ಪಾಂಡಿತ್ಯದ ಕಥೆ ಹೇಳುತ್ತಾರೆ, ನಮ್ಮಲ್ಲಿ ಈ ಕಥೆ ಹೇಳುತ್ತಾರೆ.

ಅಪ್ಪನ ಹೆಸರು ತ್ರ್ಯಂಬಕರಾವ್. ಬೈಲಹೊಂಗಲದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಿಟ್ಟಿಲ್ಲದ ಹೊತ್ತಿನಲ್ಲಿ ಅವನಷ್ಟು ಮೆತ್ತಗಿನ ಮನುಷ್ಯ ಸಿಗುವುದಿಲ್ಲ. ಹತ್ತಿಗೆ ಬಿದ್ದ ಹುಳದ ಬಗ್ಗೆ ರೈತರ ಜೊತೆ ಚಹಾ ಆರುವ ತನಕ ಮಾತಾಡುತ್ತಾನೆ, ಬೇಡದ ಔಷಧವನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಸಿಟ್ಟು ಬಂತೆಂದರೆ ಅಂಗಡಿಯ ಮುಂದೆ ಮಲಗಿದ ದನ ಕೂಡ ಎದ್ದು ಆಚೆ ಓಣಿಗೆ ಹೋಗುತ್ತದೆ. ಅವ್ವ ಗಂಗೂಬಾಯಿ ಇಷ್ಟು ವರ್ಷ ಅದನ್ನು ಮಳೆಯ ಹಾಗೆ ನೋಡಿಕೊಂಡು ಬಂದಿದ್ದಾಳೆ. ಬಂದಾಗ ಒಳಗೆ ಹೋಗುವುದು, ನಿಂತಾಗ ಹೊರಗೆ ಬರುವುದು.

ನಾನು ಸುಚೇತಾ, ಇವರಿಬ್ಬರ ಒಬ್ಬಳೇ ಮಗಳು. ಇದೇ ಊರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಪ್ಪನ ಸಿಟ್ಟು ನನ್ನ ಎರಡು ಸಂಬಂಧಗಳನ್ನು ನುಂಗಿತ್ತು. ಎರಡರಲ್ಲೂ ಹುಡುಗನ ಕಡೆಯವರು ನಮ್ಮಲ್ಲಿಗೆ ಬಂದು, ನನ್ನನ್ನು ನೋಡಿ, ಒಪ್ಪಿಕೊಂಡು ಹೋಗಿದ್ದರು. ನಾವು ಅವರ ಮನೆ ನೋಡಲು ಹೋದಾಗಲೇ ಕೆಟ್ಟದ್ದು. ಕಿತ್ತೂರಿನಲ್ಲಿ ಕುರ್ಚಿ ಅಲುಗಾಡುತ್ತದೆ ಎಂಬಲ್ಲಿಂದ ಶುರುವಾದ ಮಾತು ಅವರ ವಂಶವೇ ಅಲುಗಾಡುತ್ತದೆ ಎಂಬಲ್ಲಿಗೆ ಹೋಗಿ ಮುಟ್ಟಿತು. ಸವದತ್ತಿಯಲ್ಲಿ ಹುಡುಗನ ಸೋದರಮಾವ ಉಪ್ಪಿಟ್ಟು ತಿನ್ನಿರೆಂದು ಮತ್ತೆ ಮತ್ತೆ ಒತ್ತಾಯ ಮಾಡಿದ. ಅಪ್ಪ ಆ ತಾಟನ್ನು ಅವನ ತೊಡೆಯ ಮೇಲೆಯೇ ಇಟ್ಟು ಎದ್ದು ಬಂದ.

ಆ ಹುಡುಗರು ಕೈತಪ್ಪಿದ್ದಕ್ಕೆ ನನಗೆ ಅಂಥ ದುಃಖವೇನೂ ಆಗಲಿಲ್ಲ. ಸಂಜೀವನ ಮಾತು ಬೇರೆ. ಅವನು ರಾಮದುರ್ಗದವನು, ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಬಂದಿದ್ದ. ಮಕ್ಕಳು ಮಾಡಿದ ಹೃದಯದ ಮಾದರಿಯಿಂದ ಕೆಂಪು ನೀರು ಚಿಮ್ಮಿ ಅವನ ಬಿಳಿ ಅಂಗಿಯೆಲ್ಲ ಹಾಳಾಯಿತು. ಅವನು ನಕ್ಕು, ಈ ಹೃದಯಕ್ಕೆ ಬಿಪಿ ಸ್ವಲ್ಪ ಜಾಸ್ತಿ ಇದೆ ಎಂದು ಹೇಳಿ ಅದಕ್ಕೇ ಮೊದಲ ಬಹುಮಾನ ಕೊಟ್ಟ. ಕಲೆ ಹೋಯಿತೇ ಎಂದು ಕೇಳಲು ಮರುದಿನ ನಾನು ಫೋನು ಮಾಡಿದೆ. ಕಲೆ ಹೋಗಿರಲಿಲ್ಲ, ಮಾತು ಮುಂದುವರಿಯಿತು. ನನಗೆ ಅವನು ಬೇಕಾಗಿದ್ದ, ಬೇರೆ ಯಾರೂ ಬೇಡವಾಗಿತ್ತು.

ಅವನ ತಂದೆ ಭಾರ್ಗವರಾಯರು, ತಾಯಿ ರಂಜನಾಬಾಯಿ ನಮ್ಮಲ್ಲಿಗೆ ಬಂದು ಒಪ್ಪಿಕೊಂಡು ಹೋದರು. ರಾಯರು ಹೆಸರಿಗಷ್ಟೇ ಭಾರ್ಗವ, ಗೋತ್ರ ಕಾಶ್ಯಪ, ಅವರೂ ಜಮದಗ್ನಿಯ ಭೃಗುವಂಶದವರೇ ಆಗಿದ್ದರೆ ಸಂಬಂಧದ ಮಾತೇ ಏಳುತ್ತಿರಲಿಲ್ಲ. ಇನ್ನು ನಾವು ರಾಮದುರ್ಗಕ್ಕೆ ಹೋಗಿ ಮನೆ ನೋಡಬೇಕು. ಎರಡು ಸಲ ಮುಳುಗಿದ ಜಾಗ ಅದೇ. ಸಂಜೀವ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದ, ಅವನ ಧ್ವನಿಯಲ್ಲೇ ಧೈರ್ಯ ಇರಲಿಲ್ಲ.

ಆ ವಾರವೇ ಮೊದಲ ಪಿಯುಸಿಗೆ ಮೆದುಳಿನ ಪಾಠ ಬಂತು. ನಮ್ಮ ಹಣೆಯ ಹಿಂದೆ ವಿವೇಕದ ಭಾಗ ಇದೆ, ಒಳಗಡೆ ಬಾದಾಮಿಯಷ್ಟು ದೊಡ್ಡ ಅಮಿಗ್ಡಲಾ ಇದೆ, ಹೆದರಿಕೆಯೂ ಸಿಟ್ಟೂ ಅಲ್ಲಿಂದ ಏಳುತ್ತವೆ ಎಂದು ಹೇಳುತ್ತಿದ್ದೆ. ಅಮಿಗ್ಡಲಾ ಹೋರಿಯಾದರೆ ಹಣೆಯ ಹಿಂದಿನದು ಹಗ್ಗ ಹಿಡಿದವನು. ಸಿರೊಟೋನಿನ್ ಎಂಬ ರಾಸಾಯನಿಕ ಸಾಕಷ್ಟಿದ್ದರೆ ಹಗ್ಗ ಬಿಗಿ, ಕಡಿಮೆಯಾದರೆ ಸಡಿಲ. ಅದನ್ನು ದೇಹ ತಯಾರಿಸುವುದು ನಾವು ತಿನ್ನುವ ಬೇಳೆ, ಹಾಲು, ಶೇಂಗಾದಲ್ಲಿರುವ ಒಂದು ಅಂಶದಿಂದ. ಆಗ ಹಿನಾಕೌಸರ ಎದ್ದು ನಿಂತಳು. ಅವಳು ನಮ್ಮೂರ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಹೊಡೆಯುವ ಅಕ್ಬರಸಾಬನ ಮಗಳು.

"ಮ್ಯಾಡಮ್, ಹಂಗಾರ ಹಸದವ್ರಿಗೆ ಸಿಟ್ಟ ಲಗೂನ ಬರಬೇಕಲ್ರಿ?" ಎಂದಳು. "ನಮ್ಮ ಅಬ್ಬಾ ರಮಜಾನದಾಗ ಸಂಜಿ ಆಗೂಮುಂದ ಯಾರ ಕೂಡಾನೂ ಮಾತಾಡಂಗಿಲ್ಲ. ಇಫ್ತಾರ ಆದ ಮ್ಯಾಲೆ ತಾವಽ ಬಂದ ನಗಸ್ತಾರ."

ಹುಡುಗರೆಲ್ಲ ನಕ್ಕರು. ನಾನು ಮಾತ್ರ ಬೋರ್ಡಿನ ಮುಂದೆ ಖಡು ಹಿಡಿದು ನಿಂತೇ ಇದ್ದೆ. ಸವದತ್ತಿಯ ಉಪ್ಪಿಟ್ಟಿನ ತಾಟು ಕಣ್ಣ ಮುಂದೆ ಬಂದಿತ್ತು. ಅಪ್ಪ ಅದನ್ನು ಯಾಕೆ ತಿನ್ನಲಿಲ್ಲ? ಯಾಕೆಂದರೆ ಅವತ್ತು ಬೇಸ್ತವಾರ. ಅಪ್ಪ ದತ್ತನ ಭಕ್ತ, ಬೇಸ್ತವಾರ ಸೂರ್ಯ ಮುಳುಗಿ ದೀಪ ಹಚ್ಚುವ ತನಕ ಹನಿ ನೀರೂ ಮುಟ್ಟುವುದಿಲ್ಲ. ಕಿತ್ತೂರಿಗೆ ಹೋದದ್ದೂ ಬೇಸ್ತವಾರವೇ. ಗುರುವಿನ ವಾರ ಶ್ರೇಷ್ಠ ಎಂದು ಅಪ್ಪ ಒಳ್ಳೆಯ ಕೆಲಸಗಳನ್ನೆಲ್ಲ ಆ ದಿನಕ್ಕೇ ಇಡುತ್ತಾನೆ. ಹೊಲದ ಬಾಂದಿನ ರಾಜಿ ಮಾತು, ಅತ್ತೆಯ ಮನೆಯವರ ಜೊತೆಗಿನ ಪಂಚಾಯ್ತಿ, ಮಗಳ ಸಂಬಂಧ, ಎಲ್ಲ ಬೇಸ್ತವಾರ. ಎಂದರೆ ಬದುಕಿನಲ್ಲಿ ತಲೆ ತಣ್ಣಗಿರಬೇಕಾದ ಪ್ರತಿಯೊಂದು ಕೆಲಸಕ್ಕೂ ನನ್ನಪ್ಪ ಖಾಲಿ ಹೊಟ್ಟೆಯಲ್ಲಿ ಹೋಗುತ್ತಾನೆ. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುವ ನನಗೆ ನಮ್ಮ ಮನೆಯ ತಲೆ ನೆನಪಾಗಿರಲಿಲ್ಲ.

ಕಾಲೇಜಿನ ಬೆಲ್ ಆದದ್ದೇ ತಡ, ಮನೆಗೆ ಓಡಿ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಅವತ್ತೂ ಬೇಸ್ತವಾರ. "ನನ್ನ ತಲಿಯೊಳಗ ದತ್ತ ಇದ್ದಾನ, ಔಷಧದ ಅಂಗಡಿ ಇಲ್ಲ," ಎಂದು ಅಪ್ಪ ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿತು.

ಮರುದಿನ ಶುಕ್ರವಾರ, ಹೋಳಿಗೆ ಅಲ್ಲದಿದ್ದರೂ ಹೊಟ್ಟೆ ತುಂಬ ಊಟ ಆದ ಮೇಲೆ, ಅದನ್ನೇ ಮತ್ತೊಮ್ಮೆ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಸಾವಕಾಶ ಕೇಳಿದ. ಉಪವಾಸ ಮಾಡುವವರೆಲ್ಲ ಜಗಳಗಂಟರಲ್ಲ, ಎಷ್ಟೋ ಜನ ಆ ದಿನ ಇನ್ನಷ್ಟು ಶಾಂತರಾಗಿರುತ್ತಾರೆ, ಒಬ್ಬೊಬ್ಬರ ತಲೆ ಒಂದೊಂದು ಥರ ಎಂದು ಕೂಡ ಹೇಳಿದೆ. ಇರಬಹುದು ಎಂದ. ಹಾಗಾದರೆ ಈ ಸಲ ಬೇರೆ ದಿನ ಹೋಗೋಣವೇ ಎಂದು ಕೇಳಿದರೆ ಮಾತ್ರ ಒಪ್ಪಲಿಲ್ಲ.

"ಎರಡ ಸಲ ಮುರದದ, ಸುಚೇತಾ. ಮೂರನೇದ್ದಕ್ಕ ಗುರುಬಲಾನೂ ಬಿಟ್ಟ ಹೋಗಲೇನು? ನಾಳೆ ನಿನಗೇನರೇ ಆದ್ರ ನಾ ಯಾರಿಗೆ ಮುಖಾ ತೋರಸ್ಲಿ?"

ಅವನ ಕಣ್ಣಲ್ಲಿ ಹೆದರಿಕೆ ಇತ್ತು. ನನ್ನ ಒಳ್ಳೆಯದಕ್ಕಾಗಿಯೇ ಅವನು ಉಪವಾಸ ಇರುತ್ತಿದ್ದ, ಆ ಉಪವಾಸವೇ ನನ್ನ ಒಳ್ಳೆಯದನ್ನು ಮುರಿಯುತ್ತಿತ್ತು. ಮುಂದಿನ ಬೇಸ್ತವಾರವೇ ಹೋಗುವುದೆಂದು ನಿಶ್ಚಯವಾಯಿತು. ಮಧ್ಯಾಹ್ನದ ರಾಹುಕಾಲ ಕಳೆದು ಹೊರಡುವುದು, ರಾಮದುರ್ಗ ಮುಟ್ಟುವುದು ಸಂಜೆ, ಅಂದರೆ ಅಪ್ಪನ ಹಗ್ಗ ಪೂರ್ತಿ ಸಡಿಲಾದ ಹೊತ್ತಿಗೆ. ಮನೆ ನೋಡಲು ಹುಡುಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ರಂಜನಾಬಾಯಿ ತಾವೇ ಫೋನು ಮಾಡಿ ನನ್ನನ್ನೂ ಕರೆದರು. ಸಂಜೀವ ಹೇಳಿಸಿದ್ದ ಅಂತ ಕಾಣುತ್ತದೆ.

ನಾನೂ ಅವ್ವನೂ ಅಡುಗೆಮನೆಯಲ್ಲಿ ಕೂತು ಉಪಾಯ ಮಾಡಿದೆವು. ದಿನ ಬದಲಾಗದಿದ್ದರೆ ಹೊತ್ತನ್ನಾದರೂ ಬದಲಿಸಬೇಕು. ದಾರಿಯಲ್ಲೇ ಸೂರ್ಯ ಮುಳುಗಿದರೆ ಅಪ್ಪನಿಗೆ ಏನಾದರೂ ತಿನ್ನಿಸಿ ಕರೆದುಕೊಂಡು ಹೋಗಬಹುದು. ಬಾಡಿಗೆಗೆ ಹೇಳಿದ್ದು ಅಕ್ಬರಸಾಬನ ಕಾರು. ಅಪ್ಪ ಪ್ರತಿ ಸಲ ಇವನ ಗಾಡಿ ಇನ್ನು ಬೇಡ ಎನ್ನುತ್ತಾನೆ, ಪ್ರತಿ ಸಲ ಅವನನ್ನೇ ಕರೆಯುತ್ತಾನೆ. ನಡುದಾರಿಯಲ್ಲಿ ಗಾಡಿ ಕೆಟ್ಟಿತೆಂದು ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ ಎಂದು ನಾನು ಅವನನ್ನು ಕೇಳಿದೆ. ಅವನು ಗಡ್ಡ ಕೆರೆದುಕೊಂಡು, ಬೇರೆ ತಿಂಗಳಾಗಿದ್ದರೆ ಟಾಯರೂ ಬಿಚ್ಚಿ ಇಡುತ್ತಿದ್ದೆ, ಈಗ ರೋಜಾ, ಸುಳ್ಳು ಹೇಳುವ ಹಾಗಿಲ್ಲ ಎಂದ. ಆಗ ಅವ್ವ, ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಹಳ ದಿನ ಆಯಿತು, ಮಗಳ ಕೆಲಸಕ್ಕೆ ಹೊರಟಾಗ ದಾರಿಯಲ್ಲಿ ತಾಯಿಯ ದರ್ಶನ ಬಿಟ್ಟು ಹೋಗಬಾರದು ಎಂದಳು. ಜಮದಗ್ನಿ ಗೋತ್ರದವರು ರೇಣುಕೆಯ ಗುಡ್ಡಕ್ಕೆ ಬೇಡ ಎನ್ನುವಂತಿಲ್ಲ, ಅಪ್ಪ ಒಪ್ಪಿದ. ಅಲ್ಲಿನ ಪಾಳಿ ಎಂದರೆ ನಮಗೆ ಗೊತ್ತು, ಒಮ್ಮೆ ನಿಂತರೆ ಹೊತ್ತು ಮುಳುಗಿದ್ದೂ ತಿಳಿಯುವುದಿಲ್ಲ.

ಆದರೆ ನಮ್ಮ ಲೆಕ್ಕ ತಲೆಕೆಳಗಾಯಿತು. ಮಂಗಳವಾರ, ಶುಕ್ರವಾರ ಕಾಲಿಡಲು ಜಾಗವಿರದ ಗುಡ್ಡ ಅವತ್ತು ಬಿಸಿಲಿಗೆ ಖಾಲಿ ಬಿದ್ದಿತ್ತು. ಕುಂಕುಮ, ಭಂಡಾರ ಹಚ್ಚಿಸಿಕೊಂಡು ಹೊರಗೆ ಬರುವಷ್ಟರಲ್ಲಿ ನಾವು ಬಿಟ್ಟ ಚಪ್ಪಲಿ ಬಿಸಿಲಿಗೆ ಇನ್ನೂ ಕಾದೂ ಇರಲಿಲ್ಲ. ಅವ್ವ ಬಳೆ ಕೊಳ್ಳುತ್ತೇನೆಂದು ಉಗರಗೋಳದ ಅಂಗಡಿಗಳ ಮುಂದೆ ಸ್ವಲ್ಪ ಸುತ್ತಾಡಿದಳು. ಅಪ್ಪ ಕಾರಿನಲ್ಲಿ ಕೂತು ಹಾರ್ನು ಒತ್ತತೊಡಗಿದ. ಇನ್ನೇನು ಮಾಡುವುದು, ಹೊರಟೆವು. ಸೂರ್ಯ ಇನ್ನೂ ಎರಡಾಳು ಮೇಲಿದ್ದ.

ಉಗರಗೋಳ ದಾಟಿದ ಮೇಲೆ ಅಪ್ಪ ಶುರುಮಾಡಿದ. ಮೊದಲು ಗೇರು ತಪ್ಪಾಯಿತು, ಆಮೇಲೆ ತಗ್ಗು ತಪ್ಪಿಸಲಿಲ್ಲ ಎಂದಾಯಿತು, ಆಮೇಲೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೇ ಯಾಕೆ ಹೋಗುತ್ತೀ ಎಂದಾಯಿತು. ಅಕ್ಬರಸಾಬ ಮೊದಮೊದಲು ಹ್ಞೂಂ ಎಂದ. ಸ್ವಲ್ಪ ಹೊತ್ತಿನಲ್ಲಿ ಹ್ಞೂಂ ಎನ್ನುವುದನ್ನೂ ಬಿಟ್ಟ. ನಾನು ಹಿಂದಿನ ಸೀಟಿನಿಂದ ಅವನ ಕಿವಿ ಕೆಂಪಾಗುವುದನ್ನು ನೋಡುತ್ತಿದ್ದೆ. ಮುಂದಿನ ಸೀಟಿನಲ್ಲಿ ಎರಡು ಖಾಲಿ ಹೊಟ್ಟೆ, ಎರಡು ಸಡಿಲ ಹಗ್ಗ. ನನ್ನ ಪಾಠವೇ ನನ್ನ ಕಣ್ಣೆದುರು ನಡೆಯುತ್ತಿತ್ತು. ಕೊನೆಗೆ ಅಪ್ಪ, ನೀನು ಗಾಡಿ ಹೊಡೆಯುವುದನ್ನು ಯಾವ ಎತ್ತಿನಿಂದ ಕಲಿತೆ ಎಂದು ಕೇಳಿಬಿಟ್ಟ.

ಅಕ್ಬರಸಾಬ ಗಾಡಿಯನ್ನು ರಸ್ತೆಯ ಪಕ್ಕ, ಒಂದು ಬೇವಿನ ಮರದ ಹತ್ತಿರ ನಿಲ್ಲಿಸಿದ. ಕೀಲಿ ತೆಗೆದು ಅಪ್ಪನ ಮುಂದೆ ಇಟ್ಟ. "ರೋಜಾ ಐತ್ರಿ ನಂದು, ಜಗಳಾ ಮಾಡಂಗಿಲ್ಲ. ನೀವಽ ಹೊಡೀರಿ ರಾಯರ," ಎಂದ. ಇಳಿದು ಹೋಗಿ ಮರದ ಬುಡಕ್ಕೆ ನಮಗೆ ಬೆನ್ನು ಮಾಡಿ ಕೂತ. ಹೋಗುವಾಗ ತನ್ನದೇ ಗಾಡಿಯ ಗಾಲಿಗೆ ಒಂದು ಒದೆ ಕೊಟ್ಟಿದ್ದನ್ನು ಮಾತ್ರ ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

ನಮ್ಮಲ್ಲಿ ಯಾರಿಗೂ ಕಾರು ಹೊಡೆಯಲು ಬರುವುದಿಲ್ಲ. ಅಪ್ಪ ಇಳಿದು ಇನ್ನೊಂದು ಕಡೆಯ ಮೈಲಿಗಲ್ಲಿನ ಮೇಲೆ ಕೂತ, ಅವನೂ ಬೆನ್ನು ಮಾಡಿಯೇ. ಅವ್ವ ಇಬ್ಬರ ನಡುವೆ ಎರಡು ಸಲ ಓಡಾಡಿ, ಕಾಲು ನೋವೆಂದು ಕಾರಿನಲ್ಲಿ ಕೂತುಬಿಟ್ಟಳು. ನನ್ನ ಫೋನು ಬಡಿದುಕೊಂಡಿತು. ಎಲ್ಲಿದ್ದೀರಿ, ಇಲ್ಲಿ ನಮ್ಮಪ್ಪ ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದಾನೆ ಎಂದು ಸಂಜೀವ ಕೇಳಿದ. ಗಾಡಿ ನಿಂತಿದೆ ಎಂದೆ, ಅದು ಸುಳ್ಳಲ್ಲ. ನೀವು ತಿಂದುಕೊಳ್ಳಿ ಎಂದರೆ, ಬೀಗರು ಬರುವ ಮೊದಲು ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ ಎಂದ. ನನಗೆ ಅಳುವೇ ಬಂತು. ಮೂರನೆಯದು ಮನೆಯನ್ನೂ ಮುಟ್ಟದೆ ರಸ್ತೆಯಲ್ಲೇ ಮುರಿಯಿತೆಂದು ಖಾತ್ರಿಯಾಯಿತು.

ಜೋಳ ಕೊಯ್ದ ಹೊಲಗಳ ಆಚೆ ಸೂರ್ಯ ಇಳಿದ. ದೂರದ ಹಳ್ಳಿಯ ಮಸೀದಿಯಿಂದ ಬಾಂಗ್ ಕೇಳಿಸಿತು. ಅಕ್ಬರಸಾಬ ಎದ್ದು ಬಂದು ಡಿಕ್ಕಿಯಿಂದ ಡಬ್ಬಿ ತೆಗೆದ, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಡಬ್ಬಿ ಹಿಡಿದು ನೇರ ಅಪ್ಪನ ಹತ್ತಿರ ಹೋದ.

"ತಗೋರಿ ರಾಯರ. ಹೊತ್ತ ಮುಣಗೇತಿ, ನಿಮ್ದೂ ಬಿಡೂ ಹೊತ್ತಾತು."

ಅಪ್ಪ ಡಬ್ಬಿಯನ್ನೇ ನೋಡಿದ. ಕೈ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. "ದೀಪಾ ಹಚ್ಚದ ಹೆಂಗ ತಿನ್ಲೋ?" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಣ್ಣ ಮಕ್ಕಳ ರಗಳೆ ಇತ್ತು.

ಅಕ್ಬರಸಾಬ ಕಾರಿನ ಹತ್ತಿರ ಹೋಗಿ ಹೆಡ್‌ಲೈಟು ಹಾಕಿದ. ಬೇವಿನ ಮರ, ಮೈಲಿಗಲ್ಲು, ಅಪ್ಪನ ಮುಖ ಎಲ್ಲ ಬೆಳಗಿದವು. "ಹಚ್ಚೇನಿ ನೋಡ್ರಿ, ಎರಡ ಹಚ್ಚೇನಿ," ಎಂದ.

ಅಪ್ಪ ಕಣ್ಣು ಕಿರಿದು ಮಾಡಿ ಬೆಳಕನ್ನು ನೋಡಿದ, ಆಮೇಲೆ ನಗತೊಡಗಿದ. ಬೇಸ್ತವಾರ ನಮ್ಮಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಮುಗಿದು ದತ್ತನನ್ನು ನೆನೆದು ಖರ್ಜೂರ ತಿಂದ, ಬಾಳೆಹಣ್ಣು ತಿಂದ. ಅವ್ವ ಚೀಲದಿಂದ ಹಚ್ಚಿದ ಅವಲಕ್ಕಿ, ಶೇಂಗಾ ಉಂಡಿ ತೆಗೆದಳು, ನಾಲ್ವರೂ ಬಾನೆಟ್ಟಿನ ಮೇಲೆ ಹಾಳೆ ಹಾಸಿಕೊಂಡು ತಿಂದೆವು. ಅಕ್ಬರಸಾಬ ರಸ್ತೆಯ ಅಂಚಿಗೆ ನಮಾಜಿಗೆ ನಿಂತಾಗ ಅಪ್ಪ ಅವನಿಂದ ಸ್ವಲ್ಪ ಹಿಂದೆ ನಿಂತು, ಬರುವ ಟ್ರ್ಯಾಕ್ಟರುಗಳಿಗೆ ಆಚೆಯಿಂದ ಹೋಗಿರೆಂದು ಕೈ ಮಾಡುತ್ತಿದ್ದ. ಗಾಡಿ ಹೊರಟಿತು. ಆಮೇಲೆ ಅಪ್ಪ ತಾನೇ, ಎತ್ತಿನ ಮಾತು ಆಡಬಾರದಿತ್ತು ಎಂದ. ಅಕ್ಬರಸಾಬ, ಗಾಲಿಗೆ ಒದೆಯಬಾರದಿತ್ತು, ಬೆರಳು ನೋಯುತ್ತಿದೆ ಎಂದ.

ರಾಮದುರ್ಗ ಮುಟ್ಟಿದಾಗ ಬೀದಿದೀಪ ಹತ್ತಿದ್ದವು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಪ್ಪನ ಹೊಟ್ಟೆ ತುಂಬಿದೆ, ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ಆದರೆ ಬಾಗಿಲಲ್ಲಿ ಭಾರ್ಗವರಾಯರು ಹುಬ್ಬು ಗಂಟುಹಾಕಿಕೊಂಡು ನಿಂತಿದ್ದರು. ಬೈಲಹೊಂಗಲದಲ್ಲಿ ಚಹಾ ಕುಡಿಯುತ್ತ ನಕ್ಕು ಮಾತಾಡಿದ ಮನುಷ್ಯ ಇವರಲ್ಲವೇ ಅಲ್ಲ.

ಬನ್ನಿ ಎನ್ನಲೂ ಇಲ್ಲ. ಇದೇನು ಬರುವ ಹೊತ್ತೇ, ನಾವೇನು ನಿಮ್ಮ ಅಂಗಡಿಯ ಮುಂದೆ ಗೊಬ್ಬರಕ್ಕೆ ಪಾಳಿ ನಿಂತವರೇ ಎಂದು ಶುರು ಮಾಡಿದರು. ನೆರೆಯವರು ಕಿಟಕಿಗೆ ಬಂದರು. ಕಿತ್ತೂರಿನವರು ನಿಮ್ಮ ಬಗ್ಗೆ ಹೇಳಿದ್ದು ಸುಳ್ಳಲ್ಲ, ಇಂಥವರ ಮನೆಯ ಹುಡುಗಿ ನಮಗೆ ಹೇಗೆ ಹೊಂದುತ್ತಾಳೆ ಎನ್ನುವ ತನಕ ಮಾತು ಹೋಯಿತು. ಸಂಜೀವ ಅವರ ತೋಳು ಹಿಡಿದ, ಅವರು ಕೊಡವಿಕೊಂಡರು. ರಂಜನಾಬಾಯಿ ಮುಖ ಮುಚ್ಚಿಕೊಂಡರು.

ನಾನು ಅಪ್ಪನ ಮುಖ ನೋಡಿದೆ. ದವಡೆ ಬಿಗಿಯಾಗಿತ್ತು. ನನ್ನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಹೊಟ್ಟೆ ತುಂಬಿದ ಅಪ್ಪನೂ ಬಿಡುವವನಲ್ಲ. ಅವನು ಎರಡು ಮೆಟ್ಟಿಲು ಹತ್ತಿ ಭಾರ್ಗವರಾಯರ ಎದುರು ನಿಂತ, ಅವರನ್ನು ಒಂದು ಕ್ಷಣ ದಿಟ್ಟಿಸಿದ. ಮುಗಿಯಿತು ಎಂದುಕೊಂಡೆ.

"ರಾಯರ, ನಿಮ್ಮ ಊಟಾ ಯಾವಾಗ ಆಗ್ಯದ?" ಎಂದು ಅಪ್ಪ ಕೇಳಿದ.

ಭಾರ್ಗವರಾಯರು ಬಾಯಿ ತೆರೆದವರು ಹಾಗೇ ನಿಂತರು. ಬೆಳಿಗ್ಗೆಯಿಂದ ಒಂದು ಕಪ್ಪು ಚಹಾ ಬಿಟ್ಟರೆ ಏನೂ ತೆಗೆದುಕೊಂಡಿಲ್ಲ, ನಿಮ್ಮ ಜೊತೆಗೇ ಕೂರುತ್ತೇನೆಂದು ಹಟ ಹಿಡಿದಿದ್ದರು ಎಂದು ಅವರ ಹಿಂದೆ ನಿಂತಿದ್ದ ರಂಜನಾಬಾಯಿಯೇ ಹೇಳಿದರು.

"ಹಂಗಿದ್ರ ನೀವು ಅಂದದ್ದು ಒಂದೂ ನನ್ನ ಕಿವಿಗೆ ಬಿದ್ದಿಲ್ಲ," ಎಂದ ಅಪ್ಪ. "ಹಸದ ಮನಷ್ಯಾನ ಮಾತು ನಾ ಲೆಕ್ಕಕ್ಕ ಹಿಡ್ಯೂದಿಲ್ಲ, ಯಾಕಂದ್ರ ನಂದೂ ಯಾರೂ ಹಿಡೀಬಾರದಾಗಿತ್ತು. ಮೊದಲ ತಾಟ ಹಾಕಸ್ರಿ. ಉಂಡ ಮ್ಯಾಲೆ ಇದನ್ನಽ ಮತ್ತೊಮ್ಮೆ ಅನ್ರಿ, ನಿಂತ ಕೇಳತೇನಿ."

ಹೀಗೆ ಹೇಳಿ, ತನ್ನದೇ ಮನೆ ಎನ್ನುವ ಹಾಗೆ ಭಾರ್ಗವರಾಯರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಎಲ್ಲರೂ ಸಾಲಾಗಿ ಕೂತೆವು, ಅಕ್ಬರಸಾಬನೂ ಕೂತ. ಭಕ್ಕರಿ, ಎಣ್ಣೆಗಾಯಿ, ಆಮೇಲೆ ಅನ್ನ ಬಂತು. ಭಾರ್ಗವರಾಯರು ಮೊದಲ ಭಕ್ಕರಿಯನ್ನು ತಲೆ ಎತ್ತದೆ ತಿಂದರು. ಎರಡನೆಯದಕ್ಕೆ ಬದನೆಕಾಯಿ ಚೆನ್ನಾಗಿದೆ ಎಂದರು. ಅನ್ನಕ್ಕೆ ಬರುವಷ್ಟರಲ್ಲಿ, ನಾನು ಏನೇನೋ ಅಂದುಬಿಟ್ಟೆ, ಹುಡುಗಿ ತಪ್ಪು ತಿಳಿಯಬಾರದು ಎಂದು ನನ್ನ ಕಡೆ ನೋಡಿದರು. ಎದುರು ಸಾಲಿನಲ್ಲಿ ಸಂಜೀವ ಸಾರನ್ನು ನೀರಿನ ಲೋಟಕ್ಕೆ ಹಾಕಿಸಿಕೊಳ್ಳುತ್ತಿದ್ದ, ಅವನಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ.

ಪಕ್ಕದಲ್ಲಿದ್ದ ಅಪ್ಪ ಅನ್ನ ಕಲಸುತ್ತ ನನಗಷ್ಟೇ ಕೇಳುವ ಹಾಗೆ ಹೇಳಿದ.

"ನಿನ್ನ ಎರಡೂ ಸಂಬಂಧ ನಾನಽ ಕೆಡಿಸಿದೆ, ಸುಚೇತಾ. ಅವರ ಮನ್ಯಾಗ ತಪ್ಪ ಇರಲಿಲ್ಲ."

ಅವು ಕೆಡದಿದ್ದರೆ ಈ ಮನೆಗೆ ಬರುತ್ತಿದ್ದೆನೇ ಎಂದು ನಾನು ಕೇಳಿದೆ. ಅವನು ತನ್ನ ತಾಟಿನ ಹಪ್ಪಳವನ್ನು ನನ್ನ ತಾಟಿಗೆ ಹಾಕಿದ.

ಕೈ ತೊಳೆದು ಎಲೆ-ಅಡಿಕೆಗೆ ಕೂತಾಗ ಭಾರ್ಗವರಾಯರು ನಿಶ್ಚಯದ ಮಾತು ತೆಗೆದರು. ಒಳ್ಳೆಯ ದಿನ ನೋಡಿ, ಬರುವ ಬೇಸ್ತವಾರವೇ ಮಾಡಿಬಿಡೋಣ ಎಂದರು. ಅವ್ವ ನನ್ನ ಕೈ ಹಿಸುಕಿದಳು. ನಾನು, ಸಂಜೀವ, ಅಕ್ಬರಸಾಬ ಎಲ್ಲರೂ ಅಪ್ಪನನ್ನು ನೋಡಿದೆವು. ಅಪ್ಪ ಅಡಿಕೆಯನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿದ.

"ಶುಕ್ರವಾರ ಇಟಗೊಳ್ಳೂಣ್ರಿ, ಮಧ್ಯಾಹ್ನ ಊಟಾ ಆದ ಮ್ಯಾಲೆ," ಎಂದ. "ದತ್ತ ಏನೂ ಅನ್ನೂದಿಲ್ಲ. ಅವನಽ ದಿನಾ ಮಧ್ಯಾಹ್ನ ಕೊಲ್ಲಾಪುರಕ್ಕ ಹೋಗಿ, ಭಿಕ್ಷಾ ಬೇಡಿ ಉಂಡಽ ಮುಂದಿನ ಕೆಲಸಾ ನೋಡತಾನ."

ನಾನು ನಗುತ್ತಲೇ ಅತ್ತೆ. ನನ್ನಪ್ಪ ನನಗಾಗಿ ಜೀವನದಲ್ಲಿ ಮೊದಲ ಸಲ ತನ್ನ ಬೇಸ್ತವಾರವನ್ನು ಬಿಟ್ಟುಕೊಟ್ಟಿದ್ದ, ಅದೂ ಅಷ್ಟು ಮೆಲ್ಲಗಿನ ಧ್ವನಿಯಲ್ಲಿ.